ಮಡಗಾಂವ ಕಚೇರಿ ಎದುರಿನ ಮೇಜು

ನನ್ನ ಮಷಿನ್ನಿಗೆ ಎರಡ ತುಟಿ.
ಒಂದ ಕಡೆಯಿಂದ ಕಾಗದ ನುಂಗತೈತಿ,
ಇನ್ನೊಂದ ಕಡೆಯಿಂದ ಬಿಸಿ ಗಾಜಿನಂಗ ಹೊರಗ ಕೊಡತೈತಿ.
ಎದುರಿನ ಕಚೇರಿಗೂ ಎರಡ ಬಾಗಿಲು.
ಒಂದರಾಗ ಕಾಗದ ಹೋಗೂದು ನೋಡೇನಿ.
ಇನ್ನೊಂದರ ಮುಂದ ಇಪ್ಪತ್ತೊಂದ ವರ್ಷ ಆತು, ಕುಂತೇನಿ.
(ಮೆಲ್ಲಕ ಹೇಳಬೇಕು ಇದನ್ನ. ಮೇಜಿಗೆ ಜಾಗಾ ಕೊಟ್ಟಾಂವ
ಅಲ್ಲಿಯ ಪ್ಯೂನು, ಸಗುಣ ವೆಳಿಪ.)

ನಮ್ಮ ಸವಣೂರಿನಾಗ ಮಳಿ ಬರಲೆಂತ ಕಪ್ಪೆಗೆ ಮದುವಿ ಮಾಡತಿದ್ವಿ.
ಇಲ್ಲಿ ಜೂನ್ ಬಂತಂದ್ರ
ಕಪಾಟಿನಾಗಿನ ಚಪ್ಪಲಿಗೂ ಹಸರ ಗಡ್ಡ.
ಹುಟ್ಟಿದ್ದು, ಸತ್ತದ್ದು, ಹತ್ತನೇತ್ತಿ ಪಾಸಾದದ್ದು
ಎಲ್ಲಾ ಗಾಳಿಗಿಟ್ಟ ಹಪ್ಪಳದಂಗ ಮೆತ್ತಗ.
ಅದಕ್ಕ ಜನ ನನ್ನ ಹಂತೇಕ ಬರತಾರ,
ಎದಿಗೆ ಅವಚಿಕೊಂಡು, ಕೂಸಿನಂಗ.

ಪ್ಲಾಸ್ಟಿಕ್ ಕೆಟ್ಟದ್ದಂತ ಕಚೇರಿ ಗ್ವಾಡಿಗೆ ಒಂದು ಬೋರ್ಡು ಐತಿ.
ಆ ಬೋರ್ಡಿಗೆ ಪ್ಲಾಸ್ಟಿಕ್ ಹೊದಿಸಿದಾಂವ ನಾನ.

ನನ್ನ ಕೇಳಿದ್ರ, ಮನಷ್ಯಾ ಮಾಡಿದ್ದರಾಗ ಛಲೋ ಯಂತ್ರ ಸ್ಟೇಪ್ಲರು.
ಕರೆಂಟ ಬ್ಯಾಡ. ಪಾಸ್‌ವರ್ಡ ಬ್ಯಾಡ.
ನಿಮ್ಮ ಮೊಬೈಲಿಗೆ ಆರು ಅಂಕಿ ಬಂದಾವ ಹೇಳ್ರಿ ಅನ್ನೂದಿಲ್ಲ.
ಕಟ್ ಅಂದ್ರ ಎರಡು ಒಂದ ಆತು, ಮುಗೀತು.
ಆದ್ರ ಕಚೇರಿಯ ಸ್ಟೇಪ್ಲರಿನಾಗ ಪಿನ್ನು ಇದ್ದದ್ದು
ನಾ ಒಂದ ದಿನಾನೂ ಕಂಡಿಲ್ಲ.
ವೆಳಿಪ ಬಂದು ನನ್ನ ಡಬ್ಬ್ಯಾಗಿಂದ ಒಯ್ಯತಾನ.
ದಕ್ಷಿಣ ಗೋವಾದ ಕಡತ ಉದುರದ ನಿಂತದ್ದು
ನನ್ನ ಹತ್ತು ರೂಪಾಯಿ ಪಿನ್ನಿನ ಮ್ಯಾಲೆ.

ಪಕ್ಕದ ಎಳನೀರಿನ ಬಸು ಕೂಗೂ ಡಬ್ಬಿ ತಂದಾನ.
'ಐವತ್ತು ರೂಪಾಯಿ ಬಂದಾವು' ಅಂತ ಊರಿಗೆಲ್ಲಾ ಸಾರತೈತಿ.
ಅವನಿಗೆ ಸಾಲಾ ಕೊಟ್ಟಾಂವ
ಆಚಿಕಡೆ ಸ್ಕೂಟರ ಮ್ಯಾಲೆ ಕುಂತು
ಎಣಸಿಕೋತ ಇರತಾನ.

ಈಗ ಎಸ್ಪೆರಾನ್ಸ ಬಾಯಿ ವಿಷಯ.
ನಲವತ್ತು ವರ್ಷ ಗೋಡಂಬಿ ಸುಲದ ಕೈ.
ಸಿಪ್ಪಿ ಎಣ್ಣಿ ಬೆರಳಿನ ಗೆರಿ ಎಲ್ಲಾ ತಿಂದೈತಿ.
ಹೆಬ್ಬಟ್ಟು ಒತ್ತಿದ್ರ ಮಷಿನ್ನು ಕೆಂಪು ದೀಪ ಹಚ್ಚಿ
ನೀ ಯಾರಂತ ಕೇಳತೈತಿ.
'ಮೊಣಕಾಲು ನೋಯತಾವು, ಅಂದ್ರ ಬದಕೇನಿ,
ಇದಕ್ಕಿಂತ ಸಾಕ್ಷಿ ಏನ ಬೇಕೋ ಬಾಬ' ಅಂತಾಳ ಕೊಂಕಣಿಯಾಗ.

ಆಕಿ ತಂದದ್ದು ಮನಿಯ ಹಳೇ ಉತಾರ,
ಪೋರ್ತುಗೀಜರ ಕಾಲದ್ದು,
ಓದಾಕ ಆಕಿಗೂ ಬರೂದಿಲ್ಲ, ನನಗೂ ಇಲ್ಲ.
ಮೂಲ್ಯಾಗ ಗೆದ್ದಲು ತಿಂದು ಜಾಳಿಗಿ.
ಉಸರ ಹಿಡದು ಮಷಿನ್ನಿಗೆ ಕೊಟ್ಟೆ.
ಒಂದ ಗುಳ್ಳಿ ಏಳಲಿಲ್ಲ, ಒಂದ ಮಡಿಕಿ ಬೀಳಲಿಲ್ಲ.
ನನ್ನ ಜೀವಮಾನದಾಗ ಅಂಥಾ ಕೆಲಸ ಮತ್ತೊಂದ ಮಾಡಿಲ್ಲ.

ತಾಸಿನಾಗ ತಿರುಗಿ ಬಂದಳು.
'ಲ್ಯಾಮಿನೇಶನ್ ನಡಿಯೂದಿಲ್ಲಂತ.
ಶಿಕ್ಕಾ ಹೊಡೀಬೇಕು, ಶಾಯಿ ಕುಂದರವಲ್ದಂತ.
ತಗೀ.'

ಹಾಕಾಕ ಬರತೈತಿ. ತಗ್ಯಾಕ ಯಾರಿಗೂ ಬರೂದಿಲ್ಲ.
ನೀರು ಒಳಗ ಹೋಗಬಾರದಂತ ಮಾಡಿದ್ದೆ,
ಸರಕಾರನೂ ಒಳಗ ಹೋಗಲಿಲ್ಲ.
ಬ್ಲೇಡ ತಗೊಂಡೆ, ಅಂಚಿಗೆ ಇಟ್ಟೆ,
ಕೈ ನಡಗಿತು, ಮತ್ತ ಕೆಳಗ ಇಟ್ಟೆ.

ಒಳಗ ಅವರು ಒಂದ ಸಲ ಹೊಡದು ನೋಡಿದ್ರಂತ.
ನೇರಳಿ ಬಣ್ಣದ ಶಾಯಿ ಇನ್ನೂ ಹಸಿ.
ಆಕಿ ಹೆಬ್ಬಟ್ಟಿಲೆ ಒರಸಿದಳು:
ಉತಾರ ಸ್ವಚ್ಛ,
ಆ ನುಣುಪು ಬೆರಳಿನ ಮ್ಯಾಲೆ ಅರ್ಧಾ ಶಿಕ್ಕಾ,
ತಾರೀಖು, ಒಂದು ಸಿಂಹದ ಬೆನ್ನು.

ನೋಡಿದಳು. ನನ್ನ ಮಷಿನ್ನಿನ ತುಟಿ ಮುಂದ ಬೆರಳ ಹಿಡದು
'ಇದನ್ನ ಮಾಡಿಕೊಡು' ಅಂದಳು,
ನಗೂದಕ್ಕೂ ಮೊದಲ.

ಇಪ್ಪತ್ತು ರೂಪಾಯಿ ವಾಪಸ ಕೊಟ್ಟೆ, ತಗೊಳ್ಳಲಿಲ್ಲ.
ಅಷ್ಟರಾಗ ಕರೆಂಟ ಹೋತು.
ಮಷಿನ್ನು ಆರೂತನಕ ಇಬ್ಬರೂ ಕುಂತು ಎಳನೀರು ಕುಡದ್ವಿ.
ಬಸುಗ ರೊಕ್ಕ ಕೈಯಾಗ ಕೊಟ್ಟೆ.
ಡಬ್ಬಿ ಸುಮ್ಮನಿತ್ತು.
ಸ್ಕೂಟರಿನಾಂವ ಆಕಾಶ ನೋಡತಿದ್ದ.