ಗಾಲಿಗೊಂದು ಕಲ್ಲು

ಕ್ಲಚ್ಚಿಲ್ಲದ ಕಾರು ತಂದ ದಿನ ಮೌಲಾ ಅಂದ:
"ಉಳಿದೋರಿಗೆ ಎಡಗಾಲು ಮಡಚಿಟ್ಕೋ ಅಂತ
ವಾರಗಟ್ಲೆ ಹೇಳ್ಬೇಕು ಗಾದಿಲಿಂಗಣ್ಣ,
ನಿನಗ ಆ ಪಾಠ ಇಲ್ಲ."
ನಾನು ನಕ್ಕೆ.
ಅವನು ನಗಲಿಲ್ಲ.

ಮೊಣಕಾಲ ಕೆಳಗೆ ಏನೂ ಇಲ್ಲ.
ಆದರೂ ಸ್ಟೇರಿಂಗ್ ಮುಂದೆ ಕೂತರೆ ಸಾಕು,
ಇಲ್ಲದ ಪಾದ ಇಲ್ಲದ ಪೆಡಲು ಹುಡುಕುತ್ತದೆ
ಕರೆಂಟು ಹೋದಾಗ ಚಪ್ಪಲಿ ತಡಕಿದ ಹಾಗೆ.
ಹದಿನೇಳು ವರ್ಷ ಅದಿರಿನ ಟಿಪ್ಪರ್ ಓಡಿಸಿದ ಪಾದ,
ಹೇಳಿದರೆ ಕೇಳೀತೇ?

ಈಗ ಐದೇ ಅಕ್ಷರ: ಪಿ, ಆರ್, ಎನ್, ಡಿ, ಎಲ್.
ಐವತ್ತೆರಡಕ್ಕೆ ಮತ್ತೆ ಓನಾಮ.
ತಿದ್ದಿಸುವವನು ನನ್ನ ಹಳೇ ಕ್ಲೀನರು.
ಅವನ ಮುಂಗೈ ಹಿಡಿದು ಗೇರಿನ ಮೇಲಿಟ್ಟು
"ಕಿವಿಯಿಂದ ಹಾಕ್ಬೇಕಲೇ ಗೇರು, ಕೈಯಿಂದಲ್ಲ"
ಎಂದು ತಲೆಗೆ ಮೊಟಕಿದವನು ನಾನು.

ಮೋತಿ ಸರ್ಕಲ್ಲು, ಸಂಜೆ ಆರು.
ಆಟೋ, ಎಮ್ಮೆ, ಜೀನ್ಸಿನ ಗಂಟು ಹೇರಿದ ಮೊಪೆಡ್ಡು.
"ಡಿಯಲ್ಲೇ ಇರ್ಲಿ. ಬ್ರೇಕು ಸಡ್ಲ ಬಿಡು,
ತಾನ ತೆವಳತೈತಿ."
ತೆವಳಿತು. ನನಗೇ ನಾಚಿಕೆ,
ಏನೂ ಮಾಡದೆ ಮುಂದೆ ಹೋಗುವುದಕ್ಕೆ.

ರೈಲ್ವೆ ಗೇಟು. ಕೆಂಪು ಗೂಡ್ಸು.
ಐವತ್ತೆಂಟು ಡಬ್ಬಿ, ಎಣಿಸಿದೆ.
"ಇಷ್ಟೊತ್ತು ನಿಲ್ಲಾದಾದ್ರ ಎನ್‌ಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳಿ.
ಕಾಲೂ ಸುಧಾರಿಸ್ಕೊಳ್ಲಿ."
ಕಾಲು ಅಂದವನೇ ಕಿಟಕಿಯ ಕಡೆ ಮುಖ ತಿರುಗಿಸಿದ.

ಮಳೆ ಬಿದ್ದ ಮಾರನೇ ದಿನ, ಮೋಕಾದಾಚೆ ಎರೆಮಣ್ಣು.
ನಿಂತಲ್ಲೇ ಗಾಲಿ ತಿರುಗಿ ಗುಂಡಿ ತೋಡಿತು.
"ಒತ್ತಬ್ಯಾಡ, ಒತ್ತಬ್ಯಾಡ! ಎಲ್ ಹಾಕು,
ತೊಟ್ಟಿಲು ತೂಗ್ದಂಗ ಹಗೂರ."
ಹಿಂದೆ ಮುಂದೆ ತೂಗಿ ಹೇಗೋ ಹೊರಬಿತ್ತು.
ಆರ್‌ಗೆ ಹಾಕುವ ಮೊದಲು ಗಾಡಿ ಪೂರಾ ನಿಂತಿರಬೇಕಂತೆ,
ಇಲ್ಲವಾದರೆ ಒಳಗಿನ ಹಲ್ಲು ಮುರಿದಾವಂತೆ.

ಕೊನೆಗೆ ಸಂಡೂರು ಘಾಟು.
ಇಳಿಜಾರು ಕಂಡರೆ ಕೈ ತಾನೇ ನ್ಯೂಟ್ರಲಿಗೆ ಹೋಗುತ್ತದೆ.
ಹಿಂದೆ ಹಾಗೆ ಉಳಿಸಿದ ಡೀಸಲ್ಲಿನ ದುಡ್ಡಿಗೆ
ಇಬ್ಬರೂ ಒಗ್ಗರಣೆ ಮಿರ್ಚಿ ತಿಂದಿದ್ದೇವೆ.
"ಬ್ಯಾಡಣ್ಣ. ಬ್ರೇಕು ಕಾದು ಕೈಕೊಡ್ತೈತಿ.
ಎಲ್‌ಗೆ ಇಳಿಸು, ಇಂಜಿನ್ನೇ ಹಿಡಿದಿಡ್ಲಿ."
ಇಳಿಸಿದೆ.
ಬಾನೆಟ್ಟಿನೊಳಗೆ ಯಾರೋ ಗಂಟಲು ಕೆರೆದರು:
ಲೋಡು ಹೊತ್ತು ಇಳಿಯುತ್ತಿದ್ದ ನನ್ನ ಟಿಪ್ಪರಿನ
ಎರಡನೇ ಗೇರಿನ ದನಿ.
ಆ ತಿರುವಿನಿಂದ ಕೆಳಗೆ
ಇಲ್ಲದ ಪಾದ ಏನನ್ನೂ ಹುಡುಕಲಿಲ್ಲ.

ಚಹಾದಂಗಡಿಯ ಹತ್ತಿರ ಇಳಿಜಾರಲ್ಲೇ ನಿಲ್ಲಿಸಿದೆವು.
"ಬ್ರೇಕ್ ತುಳ್ಕೊಂಡೇ ಎನ್. ಹ್ಯಾಂಡ್‌ಬ್ರೇಕು.
ಈಗ ಬ್ರೇಕ್ ಬಿಡು, ಭಾರ ಅದರ ಮ್ಯಾಲೆ ಕೂಡ್ಲಿ.
ಮತ್ತ ತುಳಿದು, ಪಿ.
ಪಿ ಅಂದ್ರ ಒಳಗ ಕಿರುಬೆರಳಷ್ಟು ಒಂದು ಕೊಕ್ಕಿ.
ಅದೊಂದನ್ನ ನಂಬಿ..."
ಮಾತು ಅಲ್ಲಿಗೇ ನಿಂತಿತು.

ಅವತ್ತು ಗಣಿಯ ಇಳಿಜಾರಲ್ಲಿ
ನಾನು ತಾಡಪಾಲಿನ ಹಗ್ಗ ಬಿಗಿಯುತ್ತಿದ್ದೆ.
ಗಾಲಿಗೆ ಕಲ್ಲು ಕೊಡುವುದು ಕ್ಲೀನರಿನ ಕೆಲಸ.
ಊರೆಲ್ಲ ಹಾಗೇ ಅಂದಿತು, ಒಂಬತ್ತು ವರ್ಷ.
ಮೊದಲು ಚಹಾ ತಾ, ಆಮೇಲೆ ಕಲ್ಲು ಅಂದವನು ನಾನು.
ಇದನ್ನು ಊರಿಗೆ ಅವನು ಹೇಳಲಿಲ್ಲ,
ನಾನೂ.

ಇಂಜಿನ್ನು ಆರಿತು. ಮೌಲಾ ಇಳಿದ.
ರಸ್ತೆಯಂಚಿನ ಕೆಂಪು ಮಣ್ಣಲ್ಲಿ ಹುಡುಕಿ
ತೆಂಗಿನಕಾಯಿ ಗಾತ್ರದ ಕಲ್ಲೊಂದನ್ನು ತಂದು
ಮುಂದಿನ ಗಾಲಿಗೆ ಕೊಟ್ಟ.
"ಪಿ ಐತಲ್ಲೋ," ಅಂದೆ.
"ಇರ್ಲಿ."
ಚಹಾ ಹೇಳಲು ಹೊರಟವನು
ನಾಲ್ಕು ಹೆಜ್ಜೆ ಹೋಗಿ, ತಿರುಗಿ ಬಂದು
ಕಲ್ಲನ್ನು ಇನ್ನೊಂದು ಸಲ ಒದ್ದು ನೋಡಿದ.