ಬೆರಳ ತುದಿಗೆ

ಮಂಗಳವಾರ ಸಂಜೆ ಏಳು. ಒಹಾಯೋದ ಒಂದು ಸಣ್ಣ ಊರು,
ಶಾಲೆಯ ಊಟದ ಹಾಲಿನಲ್ಲಿ ಮಂಡಳಿಯ ಸಭೆ.
ಮಧ್ಯಾಹ್ನದ ಟೊಮೆಟೊ ಸಾರಿನ ವಾಸನೆ ಇನ್ನೂ ನೆಲ ಬಿಟ್ಟಿಲ್ಲ.
ಮಕ್ಕಳ ಅಳತೆಯ ಬೆಂಚುಗಳಲ್ಲಿ ಮೊಣಕಾಲು ಮಡಿಸಿ
ಕೂತಿದ್ದಾರೆ ಹೆತ್ತವರು.
ನಾನು ಗೋಡೆಗೆ ಬೆನ್ನು ಮಾಡಿ ನಿಂತಿದ್ದೇನೆ.
ಕಪ್ಪಂಗಿ ತೊಟ್ಟದ್ದು ಕೈ ಎದ್ದು ಕಾಣಲೆಂದು,
ಯಾರ ಶೋಕಕ್ಕೂ ಅಲ್ಲ.

ಕಿವಿ ಕೇಳದವನು ಒಬ್ಬನೇ, ಲೈಲ್ ಟ್ರಸ್ಕಾಟ್,
ಮುಂದಿನ ಸಾಲಿನ ತುದಿಯಲ್ಲಿ.
ಆ ಒಬ್ಬನಿಗಾಗಿ ನಾನು ಎಲ್ಲರೂ.

ವರ್ನೀಸ್ ಹಾಲಂಡರ್ ಎದ್ದಳು, ಎದೆಗೊತ್ತಿಕೊಂಡ ಕಾಗದದ ಕಟ್ಟು.
"ಏಳು ತಿಂಗಳು. ಶಾಲೆಯೊಳಗೆ ನನ್ನ ಮಗಳಿಗೊಂದು ಹೆಸರು,
ಮನೆಗೆ ಬರುವ ಅಂಕಪಟ್ಟಿಗೆ ಇನ್ನೊಂದು.
ಆ ಎರಡರ ನಡುವೆ ನಾನು ಎಲ್ಲಿದ್ದೆ, ಹೇಳಿ?"
ಅವರು 'ನಾನು' ಅಂದರೆ ನಾನು ನನ್ನೆದೆಯನ್ನೇ ಮುಟ್ಟಬೇಕು,
ಕಸುಬಿನ ಕಟ್ಟಳೆ.
ಮುಟ್ಟಿದೆ. ನೋವಾಯಿತು.

ಆಮೇಲೆ ಹಾಲಿನ ಲಾರಿ ಓಡಿಸುವ ಡೆಸ್ಮಂಡ್ ಪೆರಿ:
"ನನ್ನ ಮಗ ಮೊದಲು ಹೇಳಿದ್ದು ಬ್ಯಾಂಡ್ ಮೇಷ್ಟ್ರಿಗೆ.
ನನಗೆ ಹೇಳೋದನ್ನ ಅಲ್ಲಿ ರೂಢಿ ಮಾಡ್ಕೊಳ್ತಿದ್ದ.
ಆ ಬಾಗಿಲು ಮುಚ್ಚಬೇಡಿ."
ಅದೇ ಎದೆ, ಅದೇ ಬೆರಳು. ಮತ್ತೆ ನೋವು.
ಒಂದು ಪಕ್ಕದಿಂದ ಚಪ್ಪಾಳೆ, ಇನ್ನೊಂದರಿಂದ ಗೊಣಗು;
ಅದನ್ನೂ ಹೇಳಬೇಕು ಕೈಯಲ್ಲಿ, ಯಾವುದು ಎಷ್ಟು ಜೋರೆಂದು.

ಅಧ್ಯಕ್ಷೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಳು:
"ಪರಿಶೀಲಿಸಲಾಗುವುದು."
ಕಾಣದ ಕಾಗದವೊಂದನ್ನು
ಈ ಅಂಗೈಯಿಂದ ಆ ಅಂಗೈಗೆ ಸರಿಸಿ ತೋರಿಸಿದೆ.
ಲೈಲ್ ನಕ್ಕ. ಆಮೇಲೆ ಎದ್ದ.

ಈಗ ನಾನು ಅವನ ಬಾಯಿ.

ಅಂಗೈ ಮಂಡಿಯೆತ್ತರಕ್ಕೆ ಹಿಡಿದು ಗಾಳಿಯನ್ನು ತಟ್ಟಿದ: ಮಗು.
ತಕ್ಷಣ ನೆನಪಾಗಿ ತನ್ನ ಹುಬ್ಬಿನ ಮಟ್ಟಕ್ಕೆ ಏರಿಸಿದ.
ಬಲಕ್ಕೆ ಒಂದಿಷ್ಟು ಜಾಗ ಮಾಡಿ ಮಗುವನ್ನು ಅಲ್ಲಿ ನಿಲ್ಲಿಸಿ
ಆ ಕಡೆಗೆ ಬೆರಳು ಚಾಚಿದ.
ಅಷ್ಟೇ. ಅವನ ಭಾಷೆಯಲ್ಲಿ ಅವನು ಇಲ್ಲ, ಅವಳು ಇಲ್ಲ,
ಬೆರಳಿದೆ, ಬೆರಳ ತುದಿಗೊಂದು ಜೀವವಿದೆ.

ಬಾಯಿಯ ಭಾಷೆಗೆ ಅದು ಸಾಲದು.
ಇನ್ನೂರು ಕಿವಿ ನನ್ನ ತುಟಿಗೆ ನೇತುಬಿದ್ದಿವೆ,
ಅವನೋ, ಅವಳೋ,
ಒಂದು ಸದ್ದಿನಲ್ಲಿ ನಾನು ಯಾವ ಪಕ್ಕದ ಬೆಂಚಿಗೆ ಬೀಳುತ್ತೇನೋ.
ಮಗು ಅಂದೆ. ಅವನು ಬೆರಳು ಚಾಚಿದಾಗಲೆಲ್ಲ
ಮಗು, ಮಗು ಎಂದೇ ಅಂದೆ, ತೊದಲುವವಳ ಹಾಗೆ.

"ಹೆತ್ತವರಿಗೆ ತಿಳಿಸುತ್ತೇವೆ ಅಂತೀರಿ. ಯಾವ ಭಾಷೆಯಲ್ಲಿ?
ಹನ್ನೊಂದು ವರ್ಷ. ನಿಮ್ಮಲ್ಲೊಬ್ಬರೂ
ಕೈಯಲ್ಲಿ ಒಂದು ನಮಸ್ಕಾರ ಕಲಿಯಲಿಲ್ಲ.
ಟೀಚರ ಮಾತನ್ನ ನನಗೆ ತಿಳಿಸುತ್ತಿದ್ದದ್ದು ನನ್ನ ಮಗುವೇ.
ಏನನ್ನ ಬಿಟ್ಟು ಹೇಳಿತೋ ನನಗೆ ಗೊತ್ತಿಲ್ಲ.
ಬಿಟ್ಟಿದ್ದರೆ, ಯಾಕೆ ಅಂತ ಕೇಳಬೇಕಾದ್ದು ನಿಮ್ಮನ್ನಲ್ಲ,
ನನ್ನನ್ನ.
ಹೆಸರು ಬದಲಾಗಿರಬಹುದು ಅಂತ ಯಾರೋ ಚೀಟಿಯಲ್ಲಿ ಬರೆದುಕೊಟ್ಟರು.
ನಾನಿಟ್ಟ ಹೆಸರು ಇದು:"
ಕೆನ್ನೆಗೆ ತೋರುಬೆರಳು ಊರಿ ತುಸುವೇ ತಿರುವಿದ,
ಗುಳಿಯ ಹಾಗೆ.
"ಇದು ಯಾವ ಪಟ್ಟಿಯಲ್ಲೂ ಇಲ್ಲ.
ಬದಲಾಗಿಯೂ ಇಲ್ಲ."

ಗಂಟೆ ಬಾರಿಸಿತು, ಮೂರು ನಿಮಿಷ ಮುಗಿದಿತ್ತು.
ಅವನಿಗೆ ಕೇಳಲಿಲ್ಲ.
ಹೇಳಬೇಕಾದವಳು ನಾನು. ಹೇಳಿದೆ,
ಎರಡು ಉಸಿರು ತಡವಾಗಿ. ಇದನ್ನು ಎಲ್ಲೂ ಬರೆದುಕೊಳ್ಳಬೇಡಿ.

ತೀರ್ಮಾನ ಮುಂದಿನ ತಿಂಗಳಿಗೆ ಹೋಯಿತು.

ಹೊರಗೆ ಕಾರುಗಳು ಒಂದೊಂದಾಗಿ ಕಣ್ಣು ಬಿಟ್ಟು ಹೊರಟವು.
ಬೇಲಿಯ ಮಗ್ಗುಲಲ್ಲಿ ಒಂದು ಹಳೇ ಟ್ರಕ್ಕು ಮಾತ್ರ
ಒಳದೀಪ ಹಚ್ಚಿಕೊಂಡು ನಿಂತಿತ್ತು.
ಕತ್ತಲಲ್ಲಿ ಮಾತಾಡಲು ಅವರಿಗೆ ಬೆಳಕು ಬೇಕು.
ಗಾಜಿನಾಚೆ ನಾಲ್ಕು ಕೈ,
ಎರಡು ಬಲು ವೇಗ, ಎರಡು ನಿಧಾನ.

ಅವರ ಮಾತು ನನಗೆ ದೂರದಿಂದಲೂ ತಿಳಿಯುತ್ತದೆ.
ನೋಡಿದರೆ ಕದ್ದು ಕೇಳಿದಂತೆ.
ಕೀಲಿ ಹುಡುಕುವ ನೆಪದಲ್ಲಿ
ಚೀಲದೊಳಗೆ ಮುಖ ಇಟ್ಟುಕೊಂಡೆ.