ಬರೆಯುವುದು ಎಲ್ಲಿ?

ವಿಷಯ: ಪ್ರಕೃತಿ. ಚಿತ್ರ ಕೂಡದು, ಅಕ್ಷರ ಮಾತ್ರ.
ಗೋಡೆಗೆ ತೂಗುವಂಥದ್ದು. ಮೂರು ವಾರ. ನಲ್ವತ್ತು ಅಂಕ.
ಪ್ರೆಸಿಲ್ಲಾ ಮೇಡಂ ಬೋರ್ಡಿನಲ್ಲಿ ಬರೆದದ್ದು ಇಷ್ಟೇ.

ಇಡೀ ತರಗತಿ ಎಲೆಯಾಯಿತು, ಹಕ್ಕಿಯಾಯಿತು.
ಪಕ್ಕದ ಬೆಂಚಿನ ರೋಯ್ಡನ್ ‘ಮ’ಕ್ಕೆ ರೆಕ್ಕೆ ಕಟ್ಟಿದ,
ಯಾರೋ ‘ಹೂ’ವಿನ ಕೊಂಬಿಗೆ ದುಂಬಿ ಕೂರಿಸಿದರು.
ನಾನು ಬೆಂಗ್ರೆಯವಳು.
ನಮ್ಮಲ್ಲಿ ಮರವೆಂದರೆ ಗಾಳಿಮರ,
ಹೂವೆಂದರೆ ಮರಳಿನಲ್ಲಿ ಹಬ್ಬಿದ ಅಡುಂಬು ಬಳ್ಳಿಯ ನೇರಳೆ,
ಉಳಿದದ್ದೆಲ್ಲ ನೀರು.

ಬಂದರಿನಿಂದ ಮನೆಗೆ ಹೊಳೆ ದಾಟುವ ಫೆರಿಯಲ್ಲಿ
ತೊಡೆಯ ಮೇಲೆ ಪುಸ್ತಕವಿಟ್ಟು ಗೆರೆ ಎಳೆದೆ.
ತಲೆಕೆಳಗಾಗಿ ನಿಂತ ಮೀನು, ಬಾಲ ಮೇಲೆ:
೪ನ್ನು ನೋಡಿದವರಿಗೆ ಹೇಳಬೇಕಿಲ್ಲ.
ಎರಡಕ್ಕೆ ಇನ್ನೊಂದು ತೆರೆ ಬಡಿದರೆ ಮೂರು.
ಏಡಿ ತೋಡಿದ ಬಿಲ ಸೊನ್ನೆ.
ಅರ್ಕಾವೊತ್ತು ಮಾತ್ರ ಯಾವುದಕ್ಕೂ ಒಗ್ಗದೆ
ಗಾಳದ ಹಾಗೆ ಪದದ ಬೆನ್ನಿಗೆ ನೇತಾಡಿತು.
ಇರಲಿ ಎಂದು ಬಿಟ್ಟೆ.

ಕಂಪ್ಯೂಟರಿಗೆ ಹಾಕಿದರೆ ಹೊಸ ಕಾಟ.
ನೇತ್ರಾವತಿ ಎಂದು ಒತ್ತಿದೆ.
‘ನೇತ್ ರಾವತಿ’ ಎಂದಿತು ಪರದೆ,
ಅಡಿಯ ಒತ್ತನ್ನು ಕಿತ್ತು ಪಕ್ಕಕ್ಕೆ ನಿಲ್ಲಿಸಿ.
ಹೊಳೆ ಎರಡು ತುಂಡು.
ಒತ್ತಕ್ಷರವೆಂದರೆ ಬೇರು ಮಾರಾಯ,
ಅದನ್ನು ಕಿತ್ತರೆ ಮತ್ತೆಂಥದ್ದು ಉಳಿಯುತ್ತದೆ?
ಪರದೆ ಮುಚ್ಚಿ, ಬಿದಿರುಕಡ್ಡಿ ಕೆತ್ತಿ, ಮಸಿಗೆ ಅದ್ದಿದೆ.

ಪಗ್ಗು, ಬೇಶ, ಕಾರ್ತೆಲ್ ಎಂದು ತುಳು ತಿಂಗಳು ಮೂಲೆಗೆ.
ಜೂನಿನ ಹಾಳೆಯಲ್ಲಿ
೪, ೧೪, ೨೪ರ ಮೀನಿನೊಳಗೆ ಮಸಿ ತುಂಬಲಿಲ್ಲ,
ಬಲೆ ಮಡಚಿಟ್ಟ ದಿನಗಳಲ್ಲವೇ.
ಆಟಿಯಲ್ಲಿ ಎಲ್ಲ ತಲಕಟ್ಟೂ ತೋಯ್ದು ಕೆಳಗಿಳಿಯಿತು.
ಹಾಳೆಯಿಂದ ಹಾಳೆಗೆ ಅಗಲವಾಗುತ್ತ ಹೋಗುವ ಒಂದೇ ಪದ, ಅಳಿವೆ.
ಅದರ ಹೊಟ್ಟೆಯಲ್ಲಿ ಅಳಿವು ಇರುವುದು
ಬರೆಯುವಾಗ ಕೈಗೆ ತಿಳಿಯಿತು, ತಲೆಗೆ ಆಮೇಲೆ.

ಐಸ್ ಪ್ಲಾಂಟಿನವರು ಕೊಟ್ಟ ಕ್ಯಾಲೆಂಡರಿನ ಮೊಳೆಗೆ
ನನ್ನದನ್ನು ತೂಗಿಹಾಕಿದೆ.
ಅಮ್ಮ ಕನ್ನಡಕ ಹಣೆಗೇರಿಸಿದಳು, ಇಳಿಸಿದಳು.
‘ಚಂದ ಉಂಟು. ಬರೆಯುವುದು ಎಲ್ಲಿ?’

ಕೆಳಗಿಳಿಸಿದ ಹಳೆಯದನ್ನು ತಿರುವಿದೆ.
ಐಸಿನ ಬಾಕಿ, ಸಂಘದ ಕಂತು, ಗ್ಯಾಸು ಬಂದ ತಾರೀಕು.
ಅಪ್ಪನ ಬೋಟು ಹೊರಟ ದಿನಕ್ಕೊಂದು ಚುಕ್ಕೆ,
ತಿರುಗಿ ಬಂದರೆ ಆ ಚುಕ್ಕೆಗೊಂದು ಬಳೆ.
ಮೇ ಒಂಬತ್ತರ ಚುಕ್ಕೆಗೆ ಬಳೆ ಇಲ್ಲ.
ಆವತ್ತು ಎಂಜಿನ್ ಕೆಟ್ಟು ಮಲ್ಪೆಗೆ ಎಳೆಸಿಕೊಂಡು ಹೋಗಿದ್ದರು;
ಮಾರನೆಯ ದಿನ ಬಸ್ಸಿನಲ್ಲಿ ಬಂದ ಅಪ್ಪನನ್ನು
ಅಮ್ಮ ಇನ್ನೂ ಲೆಕ್ಕಕ್ಕೆ ಹಿಡಿದಿಲ್ಲ.

ಎರಡು ರಾತ್ರಿ ಉಳಿದಿತ್ತು.
ಅಕ್ಷರಗಳನ್ನೆಲ್ಲ ಅಂಚಿಗೆ ಸರಿಸಿದೆ,
ಇಳಿತದಲ್ಲಿ ನೀರು ಸರಿದ ಹಾಗೆ.
ನಡುವೆ ಬರೀ ಮರಳು.

ಬಂದರಿನ ಮೋನಬ್ಬಾಕ ಕೇಳಿದರು, ಯಾವ ಕಾಗದ, ಮಿರಮಿರ ಹೊಳೆಯುವುದಾ?
ಬಾಲ್‌ಪೆನ್ ಹಿಡಿಯುವಂಥದ್ದು ಕೊಡಿ ಎಂದೆ,
ವರ್ಷ ಮುಗಿದ ಮೇಲೆ ಅರ್ಧ ಕಿಲೋ ಒಣ ಸಿಗಡಿ ಕಟ್ಟಿದರೆ
ಹರಿಯದಂಥದ್ದು.
ಅವರು ನಗಲಿಲ್ಲ. ಅಟ್ಟದಿಂದ ಒಂದು ಕಂತೆ ಇಳಿಸಿ
ಮೂಲೆ ಮಡಚಿ, ಮೂಸಿ, ‘ಇದು’ ಎಂದರು.

ಬಿಳಿ ಜಾಗ ಬಿಡುವ ಧೈರ್ಯ ಮೆಚ್ಚಿಕೊಂಡರು ಮೇಡಂ,
ಸಂಯಮ ಎಂಬ ಪದ ಎರಡು ಸಲ ಬಂತು.
ನಾನು ಸುಮ್ಮನಿದ್ದೆ.
ಇಪ್ಪತ್ತೊಂಬತ್ತು. ಅಕ್ಟೋಬರಿನಲ್ಲಿ ಮಸಿ ಚೆಲ್ಲಿದ್ದಕ್ಕೆ
ಎರಡು ಕಡಿತ, ಉಳಿದ ಒಂಬತ್ತು ಯಾಕೆಂದು ಗೊತ್ತಿಲ್ಲ.
ಕೆಳಗೆ ಕೆಂಪಿನಲ್ಲಿ: ಹರ್ಷಿಣಿ ಕರ್ಕೇರ, ಪ್ರಕೃತಿ ಇನ್ನೂ ಕಾಣಬೇಕು.

ಇವತ್ತು ಜನವರಿ ಐದು.
ಪೆನ್ನು ಹಿಡಿದಿದೆ, ಚುಕ್ಕೆ ಬಿದ್ದಿದೆ.
ಅಮ್ಮ ಬಂಗುಡೆ ಹೆಚ್ಚುತ್ತಿದ್ದಾಳೆ.
ಬಳೆಗೆಂದು ನಾನು ಬಿಟ್ಟ ಜಾಗ
ಸ್ವಲ್ಪ ಜಾಸ್ತಿಯಾಯಿತೇನೋ.